ಮಾದಣ್ಣನಿಗೆ ತೆಪ್ಪ ನೋಡಿದ ದಿನ

ಶಿವರಾತ್ರಿಯ ಹಿಂದಿನ ದಿನ ಮಾದಣ್ಣನ ಹಳೇ ತೆಪ್ಪ ತಳ ಬಿಟ್ಟಿತು. ನಾನು ಅದರೊಳಗೇ ಇದ್ದೆ. ಮೊದಲು ಕಾಲಿನ ಹೆಬ್ಬೆರಳಿಗೆ ತಣ್ಣಗಾಯಿತು, ಆಮೇಲೆ ಹಿಮ್ಮಡಿಗೆ. ಬದನೆಕಾಯಿ ಕುಕ್ಕೆ ಅಲ್ಲಾಡುವುದಕ್ಕೆ ಶುರುವಾದಾಗ ಎದುರು ಕೂತಿದ್ದ ಚಿಕ್ಕಮಾದಮ್ಮ ಕೂಗಿಕೊಂಡಳು. ದಡ ಇನ್ನೂ ಹನ್ನೆರಡು ಮಾರು ದೂರ ಇತ್ತು. ಮಾದಣ್ಣ ಹುಟ್ಟು ಹಾಕುವುದನ್ನು ನಿಲ್ಲಿಸದೆ, "ಯಾಕವ್ವಾ ಅಂಗೆ ಕೂಗೀಯೆ, ಕಾಲು ತೊಳ್ಕಳ್ಳಿ ಅಂತ ಹೊಳೆನೇ ಒಳೀಕೆ ಬಂದದ" ಅಂದ. ದಡ ಸೇರಿಸಿದ. ಯಾರಿಗೂ ಏನೂ ಆಗಲಿಲ್ಲ. ಒಂದೂವರೆ ಕುಕ್ಕೆ ಬದನೆಕಾಯಿ ಹೋಯಿತು, ಅಷ್ಟೇ.

ನಮ್ಮದು ಧನಗೆರೆಯಿಂದ ಕಾವೇರಿ ಕಡೆಗೆ ಇಳಿಯುವ ದಾರಿಯಲ್ಲಿ ಒಂದು ಕೊಪ್ಪಲು, ಮೂವತ್ತಾರು ಮನೆ. ಹೊಳೆಯ ನಡುವೆ ಒಂದು ತಿಟ್ಟು ಇದೆ, ಹುಣಸೆ ತಿಟ್ಟು ಅನ್ನುತ್ತೇವೆ. ಅಲ್ಲಿ ನಮ್ಮೂರಿನ ಎಂಟು ಮನೆಯವರಿಗೆ ಚೂರುಚೂರು ಜಮೀನಿದೆ. ನಮ್ಮ ಯಜಮಾನರದ್ದು ಹದಿನಾಲ್ಕು ಗುಂಟೆ. ಅವರು ಹೋಗಿ ಹತ್ತೊಂಬತ್ತು ವರ್ಷ ಆಯಿತು, ಅಲ್ಲಿಂದ ನಾನೇ ಮಾಡುತ್ತಾ ಬಂದಿದ್ದೇನೆ. ಬದನೆ, ಅವರೆ, ಕೊತ್ತಂಬರಿ, ಮೂಲಂಗಿ ಬೆಳೆಯುತ್ತೇವೆ. ಮೆಕ್ಕಲು ಮಣ್ಣು, ಬಿತ್ತಿದ್ದು ಬರುತ್ತದೆ. ಗಂಡಸರು ದೊಡ್ಡ ಹೊಲ, ಕೊಳ್ಳೇಗಾಲದ ಅಂಗಡಿ ಮಂಡಿ ಅಂತ ಓಡಾಡುತ್ತಾರೆ. ತಿಟ್ಟಿಗೆ ಹೋಗುವುದು ಎಂಟು ಮನೆಯ ಎಂಟು ಹೆಂಗಸರು. ಬೆಳಿಗ್ಗೆ ಹೋದರೆ ಸಂಜೆ ಬರುವುದು. ಸೇತುವೆ ಇಲ್ಲ. ನಮಗೆ ಇರುವುದು ಮಾದಣ್ಣ, ಅವನ ದುಂಡನೆ ಬುಟ್ಟಿಯಂಥ ತೆಪ್ಪ.

ಮಾದಣ್ಣನಿಗೆ ಈಗ ಅರವತ್ತೆರಡು. ಕುಳ್ಳು ಆಳು, ಎದೆ ಮಾತ್ರ ಬಾಗಿಲ ಹಲಗೆಯಂತೆ ಅಗಲ. ಅವನ ಅಪ್ಪನೂ ಇದೇ ಕಡವಿನಲ್ಲಿ ತೆಪ್ಪ ಹಾಕುತ್ತಿದ್ದ. ಹನ್ನೊಂದನೇ ವಯಸ್ಸಿಗೆ ಹುಟ್ಟು ಹಿಡಿದವನು ಒಂದೇ ಒಂದು ಸಲ ಊರು ಬಿಟ್ಟಿದ್ದ. ಮೈಸೂರಿನ ಹೋಟೆಲಿಗೆ ಅಂತ ಹೋಗಿ ಹದಿನಾಲ್ಕನೇ ದಿನ ವಾಪಸ್ಸು ಬಂದ. ಯಾಕಪ್ಪಾ ಅಂದರೆ, "ಅಲ್ಲಿ ನೀರು ನಲ್ಲೀಲಿ ಸಣ್ಣಗೆ ಬತ್ತದ ಕಣಕ್ಕ, ಉಸ್ರು ಕಟ್ದಂಗೆ ಆಯ್ತದ" ಅಂದ. ಸುಗ್ಗಿಯಲ್ಲಿ ಮನೆಗೆ ಇಷ್ಟು ರಾಗಿ, ದಿನಕ್ಕೆ ಒಂದಿಷ್ಟು ತರಕಾರಿ, ಅದೇ ಅವನ ಕೂಲಿ. ಯಜಮಾನರು ಹೋದ ಮೇಲೆ ನಾನು ಮೊದಲ ಸಲ ತಿಟ್ಟಿಗೆ ಹೊರಟ ದಿನ ಮಾದಣ್ಣ ಸಮಾಧಾನದ ಮಾತು ಒಂದೂ ಆಡಲಿಲ್ಲ. ತನ್ನ ಟವಲನ್ನು ನಾಲ್ಕು ಮಡಿಕೆ ಮಾಡಿ ನಾನು ಕೂರುವ ಕಡೆ ಹಾಸಿದ. ಆವತ್ತು ಹೊಳೆ ನಡುವೆ ನಾನು ಅತ್ತಾಗ ಅವನು ಹಿಂದಕ್ಕೆ ತಿರುಗಿಯೂ ನೋಡಲಿಲ್ಲ. ಅದನ್ನು ನಾನು ಮರೆತಿಲ್ಲ.

ಅವನ ತೆಪ್ಪದಲ್ಲಿ ಕಂಡಕಂಡ ಕಡೆ ಕೂರುವ ಹಾಗಿಲ್ಲ. ಯಾರ ಜಾಗ ಯಾವುದು ಅಂತ ಅವನು ಹೇಳುತ್ತಾನೆ, ಅದೇ ಜಾಗ. ಯಾರಾದರೂ ಒಬ್ಬಳು ಬರದಿದ್ದರೆ ಅವಳ ಜಾಗ ಖಾಲಿ ಬಿಡುವುದಿಲ್ಲ, ಅವಳ ತೂಕದ ಕಲ್ಲು ಎತ್ತಿ ಇಡುತ್ತಾನೆ. ಪುಟ್ಟಬಸಮ್ಮನಿಗೆ ದೊಡ್ಡದೊಂದು ಕಲ್ಲು. ಚಿಕ್ಕಮಾದಮ್ಮನಿಗೆ ಎರಡು, ಮೇಲೊಂದು ಇಟ್ಟಿಗೆ. ಆ ಇಟ್ಟಿಗೆ ದೀಪಾವಳಿ ಆದಮೇಲೆ ಸೇರಿದ್ದು ಅಂತ ಅವಳಿಗೆ ಈಗಲೂ ಸಿಟ್ಟಿದೆ. ನಮ್ಮನ್ನು ಇಳಿಸಿ ಒಬ್ಬನೇ ಹಿಂದಕ್ಕೆ ಹೋಗುವಾಗಲೂ ಕಲ್ಲು ತುಂಬಿಕೊಂಡೇ ಹೋಗುತ್ತಿದ್ದ. ಹಗುರ ತೆಪ್ಪ ಗಾಳಿಗೆ ಹಾರುತ್ತದೆ ಅನ್ನುತ್ತಿದ್ದ. ಅದಕ್ಕಾಗಿ ಎರಡು ದಡದಲ್ಲೂ ಕಲ್ಲಿನ ಗುಡ್ಡೆ ಇತ್ತು.

ತಳ ಬಿಟ್ಟ ತೆಪ್ಪ ರಿಪೇರಿಗೆ ಬರುವ ಹಾಗಿರಲಿಲ್ಲ. ನಾಲ್ಕು ವರ್ಷ ದುಡಿದಿತ್ತು, ಬಿದಿರು ಮೆತ್ತಗಾಗಿ ಉಗುರು ಹಾಕಿದರೆ ಇಳಿಯುತ್ತಿತ್ತು. ನಮ್ಮ ಎಂಟು ಜನದ ಸಂಘದಿಂದ ಹೊಸದು ತೆಗೆದುಕೊಡೋಣ ಅಂತ ಮಾತಾಯಿತು. ಅಷ್ಟರಲ್ಲಿ ಕೊಳ್ಳೇಗಾಲದ ರಸ್ತೆಯ ಇಟ್ಟಿಗೆ ಗೂಡಿನವರು ಮಾದಣ್ಣನನ್ನು ಕಾವಲಿಗೆ ಕರೆದಿದ್ದರು. ತೆಪ್ಪ ಇಲ್ಲದೆ ಅವನು ಎಷ್ಟು ದಿನ ದಡದಲ್ಲಿ ಕೂತಾನು? ಬರುವ ಸೋಮವಾರ ಉತ್ತರ ಹೇಳುತ್ತೇನೆ ಅಂದು ಬಂದಿದ್ದ. ಆದ್ದರಿಂದ ಭಾನುವಾರ ಸಂಜೆಯೊಳಗೆ ತೆಪ್ಪ ಆಗಬೇಕು, ಇಲ್ಲದಿದ್ದರೆ ಮಾದಣ್ಣ ಹೊಳೆ ಬಿಟ್ಟು ಗೂಡಿಗೆ ಹೋಗುತ್ತಾನೆ. ಆ ಗೂಡಿನ ಮುಂದೆ ಅವನು ಕೋಲು ಹಿಡಿದು ಕೂತಿರುವುದನ್ನು ನೆನೆಸಿಕೊಂಡರೇ ನನಗೆ ಸರಿಹೋಗುತ್ತಿರಲಿಲ್ಲ.

ಮಾರಾಟಕ್ಕೆ ಎರಡು ತೆಪ್ಪ ಸಿಕ್ಕಿದವು. ಒಂದು ಬಿದಿರಿನದು, ಕೌದಳ್ಳಿ ಆಚೆಯ ಮಾದು ಅನ್ನುವವನು ನೇಯ್ದದ್ದು. ಇನ್ನೊಂದು ಫೈಬರಿನದು, ಕೊಳ್ಳೇಗಾಲದ ಉದಯಕುಮಾರನದು. ಅವನು ಟೂರಿಸ್ಟರನ್ನು ಸುತ್ತಾಡಿಸುವುದಕ್ಕೆ ಇಟ್ಟುಕೊಂಡಿದ್ದ ನಾಲ್ಕರಲ್ಲಿ ಒಂದನ್ನು ಕೊಡುತ್ತೇನೆ ಅಂದಿದ್ದ. ಇಬ್ಬರೂ ಭಾನುವಾರ ಬೆಳಿಗ್ಗೆ ತಂದು ತೋರಿಸುವುದು, ಎರಡನ್ನೂ ಹೊಳೆಗೆ ಬಿಟ್ಟು ನೋಡಿ ಒಂದು ಆರಿಸುವುದು ಅಂತ ಗೊತ್ತಾಯಿತು. ಆರಿಸುವ ಕೆಲಸ ನನ್ನ ತಲೆಗೆ ಕಟ್ಟಿದರು. "ಚನ್ನಮಲ್ಲಮ್ಮಕ್ಕ ಮೂಲಂಗಿ ಬೀಜಾನೂ ಎಣಿಸಿ ಹಾಕ್ತಾಳೆ, ಅವಳೇ ನೋಡ್ಲಿ" ಅಂದರು. ಹೊಗಳಿದ್ದೋ ಆಡಿಕೊಂಡಿದ್ದೋ ಗೊತ್ತಾಗಲಿಲ್ಲ. ಒಪ್ಪಿಕೊಂಡೆ.

ಎರಡೂ ಲಗೇಜ್ ಆಟೋದ ಮೇಲೆ ಬೋರಲು ಬಿದ್ದುಕೊಂಡು ಬಂದವು. ಮೊದಲು ನೆಲದ ಮೇಲೆ ನೋಡಿದೆ. ಬಿದಿರಿನದು ಬಾಯಿ ಅಗಲ ಐದು ಮೊಳ ಒಂದು ಗೇಣು, ಆಳ ಒಂದು ಮೊಳಕ್ಕೆ ಮೂರು ಬೆರಳು ಕಮ್ಮಿ. ಫೈಬರಿನದು ಅಗಲದಲ್ಲಿ ನಾಲ್ಕು ಬೆರಳು ಕಿರಿದು, ಆಳ ಅಷ್ಟೇ. ಎರಡನ್ನೂ ಅಂಗಾತ ಇಟ್ಟು ಹನ್ನೆರಡು ಹನ್ನೆರಡು ಕೊಡ ನೀರು ಹುಯ್ಯಿಸಿದೆ. ಒಳಗಿನ ನೀರು ಹೊರಗೆ ಬಂದರೆ ಹೊರಗಿನದು ಒಳಗೆ ಬರುತ್ತದೆ, ಅಲ್ಲವೇ? ಬಿದಿರಿನದು ಎರಡು ಕಡೆ ಬೆವರಿತು. ಮಾದು ನಾಚಿಕೊಂಡು ಅಲ್ಲೇ ಡಾಂಬರು ಕಾಯಿಸಿ ಮೆತ್ತಿದ. ಫೈಬರಿನದು ಒಂದು ತೊಟ್ಟೂ ಬಿಡಲಿಲ್ಲ. ಆದರೆ ಗೆಣ್ಣಿನಿಂದ ಸುತ್ತಲೂ ತಟ್ಟುತ್ತಾ ಬಂದಾಗ ಅಂಗೈ ಅಗಲದ ಜಾಗ ಒಂದು ಬೇರೆ ಸದ್ದು ಕೊಟ್ಟಿತು. ಬಣ್ಣದ ಕೆಳಗೆ ತೇಪೆ.

"ಇದೇನಪ್ಪಾ?" ಅಂದೆ.

"ಅದು ಡಿಸೈನ್ ಆಂಟಿ" ಅಂದ ಉದಯಕುಮಾರ.

"ಆಂಟಿಯಂತೆ!" ಅಂದಳು ಚಿಕ್ಕಮಾದಮ್ಮ. "ಎಪ್ಪತ್ತೊಂದು ವರ್ಷದ ಆಂಟಿ! ಇರು, ಅವಳು ನಿನ್ ಹಲ್ಲೂ ತಟ್ಟಿ ನೋಡ್ತಾಳೆ."

ಉದಯಕುಮಾರನೂ ನಕ್ಕ. ಕೆಟ್ಟ ಹುಡುಗನಲ್ಲ. ಬಂಡೆಗೆ ತಗುಲಿ ಒಡೆದಿತ್ತು, ಕಟ್ಟಿಸಿದ್ದೇನೆ ಅಂತ ಒಪ್ಪಿಕೊಂಡ. ಇದನ್ನು ದಿನಾ ನೀರಿನಿಂದ ಎತ್ತಬೇಕಾಗಿಲ್ಲ, ಹಗ್ಗ ಹಾಕಿ ಕಟ್ಟಿದರೆ ಸಾಕು, ಹತ್ತು ವರ್ಷ ಬರುತ್ತದೆ ಅಂದ. ಅದು ದೊಡ್ಡ ಅನುಕೂಲವೇ. ಬಿದಿರಿನದನ್ನು ದಿನಾ ಸಂಜೆ ಎತ್ತಿ ಬೋರಲು ಹಾಕಿ ಒಣಗಿಸಬೇಕು, ವರ್ಷಕ್ಕೆ ಎರಡು ಸಲ ಡಾಂಬರು ಬಳಿಯಬೇಕು. ಆದರೆ ಬಿದಿರು ಬಂಡೆಗೆ ತಗುಲಿದರೆ ಬಗ್ಗುತ್ತದೆ, ಒಡೆಯುವುದಿಲ್ಲ. ನಮ್ಮ ಹೊಳೆಯಲ್ಲಿ ಬೇಸಿಗೆಗೆ ನೀರಿಗಿಂತ ಬಂಡೆ ಹೆಚ್ಚು.

ಆಮೇಲೆ ನೀರಿಗೆ ಬಿಟ್ಟೆವು. ಅವರವರ ತೆಪ್ಪ ಅವರವರೇ ಹಾಕಿ ತೋರಿಸಲಿ ಅಂದೆ. ಮೊದಲು ಮಾದು. ನಾವು ಎಂಟು ಜನ ಹತ್ತಿ ನಮ್ಮ ನಮ್ಮ ಜಾಗದಲ್ಲಿ ಕೂತೆವು. ಮಾದು ಮುಂದೆ ಮೊಣಕಾಲೂರಿ ಹುಟ್ಟು ಹಾಕಿದ. ಇಪ್ಪತ್ತು ಮಾರು ಹೋಗುವುದರೊಳಗೆ ತೆಪ್ಪ ಒಂದು ಕಡೆ ವಾಲಿಕೊಂಡು ಬಲಕ್ಕೆ ಎಳೆಯುವುದಕ್ಕೆ ಶುರು ಮಾಡಿತು. ಅವನು ಸರಿಮಾಡಿದ, ಮತ್ತೆ ಬಲಕ್ಕೆ. ನಡುಹೊಳೆಯಲ್ಲಿ ಒಂದು ಸುತ್ತು ತಿರುಗಿಯೇ ಬಿಟ್ಟಿತು.

"ಯಪ್ಪಾ ದೇವ್ರೇ, ರಾಗಿ ಕಲ್ಲಲ್ಲಿ ಕೂರ್ಸಿದ್ದೀಯಲ್ಲೋ!" ಅಂದಳು ಚಿಕ್ಕಮಾದಮ್ಮ.

"ಸೊಟ್ಟ ನೇಯ್ದಿದ್ದೀಯಾ ಕಣಪ್ಪ" ಅಂದಳು ಪುಟ್ಟಬಸಮ್ಮ.

ಮಾದುವಿನ ಮುಖ ಕೆಂಪಗಾಯಿತು. "ಸೊಟ್ಟ? ಎಂಟು ದಿನ ಕೂತು ನೇಯ್ದಿವ್ನಿ ಕಣವ್ವ. ತಳದ ಹೊಕ್ಕಳಿಂದ ಬಾಯಿಗೆ ಎಲ್ಲಾ ಕಡೆನೂ ಒಂದೇ ಅಳತೆ. ದಾರ ತಕಂಡು ಅಳೀರಿ."

ಬೆವರು ಸುರಿಸಿಕೊಂಡು ದಡಕ್ಕೆ ತಂದ. ಉದಯಕುಮಾರ ಒಳಗೊಳಗೇ ಖುಷಿಯಾಗಿ ತನ್ನದರಲ್ಲಿ ಕೂರಿಸಿಕೊಂಡ. ಅದೂ ಅದೇ ಕಡೆ ವಾಲಿತು, ಅದೂ ಬಲಕ್ಕೇ ಎಳೆಯಿತು. ಬಂಡೆಯ ಪಕ್ಕದಲ್ಲಿ ಹಾದಾಗ ಅವನ ಜೀವ ಹೋಗಿ ಬಂತು. "ಇದು ಮೆಷಿನ್ ಅಚ್ಚು ಕಣ್ರಮ್ಮಾ, ಸೊಟ್ಟ ಆಗಕ್ಕೆ ಸಾಧ್ಯನೇ ಇಲ್ಲ" ಅಂತ ಬಡಕೊಂಡ.

"ಎರಡೂ ಸೊಟ್ಟ. ಎರಡೂ ಬ್ಯಾಡ" ಅಂತ ಹೆಂಗಸರು ತೀರ್ಮಾನ ಮಾಡಿಬಿಟ್ಟರು. ಮಾದಣ್ಣ ಅಷ್ಟು ಹೊತ್ತೂ ದಡದಲ್ಲಿ ಕೂತು ಬೀಡಿ ಸೇದುತ್ತಿದ್ದವನು ಎದ್ದು ಬಂದ. "ನಾನೊಂದು ಸಲ ಹಾಕ್ತೀನಿ, ಕೂತ್ಕಳ್ರವ್ವಾ" ಅಂದ.

ಬಿದಿರಿನದನ್ನು ತಿಟ್ಟಿನ ತನಕ ಹಾಕಿದ. ನೂಲು ಹಿಡಿದ ಹಾಗೆ ಹೋಯಿತು. ವಾಪಸ್ಸು ಬಂದು ಫೈಬರಿನದನ್ನು ಹಾಕಿದ. ಅದೂ ನೂಲು ಹಿಡಿದ ಹಾಗೆ. ಎಲ್ಲರೂ ಕೈ ತಟ್ಟಿದರು. "ನೋಡ್ದಾ, ಕೈಗುಣ ಅಂದ್ರೆ ಇದು!" ಅಂತ ಚಿಕ್ಕಮಾದಮ್ಮ ಇಬ್ಬರು ಮಾರಾಟಗಾರರನ್ನೂ ಮೂದಲಿಸಿದಳು. ಮಾದು ಕುತ್ತಿಗೆ ಕೆರೆದುಕೊಂಡ.

ನನಗೆ ಮಾತ್ರ ಸಮಾಧಾನ ಆಗಲಿಲ್ಲ. ಬೇರೆ ಬೇರೆ ಊರಲ್ಲಿ ಬೇರೆ ಬೇರೆ ಸಾಮಾನಿನಿಂದ ಆದ ಎರಡು ತೆಪ್ಪ ಒಂದೇ ಕಡೆಗೆ ಹೇಗೆ ಸೊಟ್ಟ ಆಗುತ್ತವೆ? ಬೇರೆಯವರು ಹಾಕಿದರೆ ಸೊಟ್ಟ, ಇವನು ಹಾಕಿದರೆ ನೆಟ್ಟಗೆ. ಕೈಗುಣ ಅಂದರೆ ಏನು ಅಂತ ನನಗೆ ನೋಡಬೇಕಿತ್ತು. ಇನ್ನೊಂದು ಸಲ ಬಿದಿರಿನದನ್ನು ಹಾಕಪ್ಪ ಅಂದೆ. ಈ ಸಲ ನಾನು ನೀರು ನೋಡಲಿಲ್ಲ, ಅವನ ಹುಟ್ಟು ನೋಡಿದೆ. ಎಣಿಸಿದೆ. ತಿಟ್ಟಿಗೆ ತೊಂಬತ್ತಾರು ಸಲ ಹುಟ್ಟು ಹಾಕಿದ. ತೊಂಬತ್ತಾರೂ ಬಲಗಡೆ. ಎಡಗಡೆ ಒಂದೂ ಇಲ್ಲ.

ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ತೆಪ್ಪ ದುಂಡಗಿರುತ್ತದೆ, ಅದಕ್ಕೆ ಮುಂದೂ ಇಲ್ಲ ಹಿಂದೂ ಇಲ್ಲ. ಬಲಗಡೆ ಹುಟ್ಟು ಹಾಕಿದರೆ ಎಡಕ್ಕೆ ತಿರುಗುತ್ತದೆ, ಎಡಗಡೆ ಹಾಕಿದರೆ ಬಲಕ್ಕೆ. ಅದಕ್ಕೇ ಹುಟ್ಟು ಹಾಕುವವರು ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ಹಾಕಿಕೊಂಡು ಹೋಗುತ್ತಾರೆ. ಮಾದು ಹಾಗೇ ಹಾಕಿದ್ದ, ಉದಯಕುಮಾರನೂ ಹಾಗೇ. ಬರೀ ಬಲಗಡೆ ಹಾಕಿದರೆ ತೆಪ್ಪ ಬುಗುರಿ ಆಗಬೇಕು. ಆಗಬಾರದು ಅಂದರೆ ಎಡಗಡೆ ಭಾರ ಇರಬೇಕು. ಎಡಕ್ಕೆ ವಾಲಿದ ತೆಪ್ಪ ತಾನಾಗೇ ಬಲಕ್ಕೆ ಎಳೆಯುತ್ತದೆ. ಅಲ್ಲಿಗಲ್ಲಿಗೆ ಸರಿ.

ನಾನು ಕೂತಲ್ಲೇ ತಲೆ ಎಣಿಸಿದೆ. ಮಾದಣ್ಣನ ಎಡಗಡೆ ಐದು ಜನ, ಅದರಲ್ಲಿ ಚಿಕ್ಕಮಾದಮ್ಮ, ಪುಟ್ಟಬಸಮ್ಮ ಇಬ್ಬರೂ. ಬಲಗಡೆ ಮೂರು ಜನ, ಅದರಲ್ಲಿ ಕಡ್ಡಿಯಂಥ ನಾನು. ಯಾವತ್ತಿಂದ ಹೀಗೆ? ಹಿಂದೆ ಆ ಕಡೆ ನಾಲ್ಕು ಈ ಕಡೆ ನಾಲ್ಕು ಇದ್ದೆವು. ನೆನಪು ಮಾಡಿಕೊಂಡೆ. ಹೋದ ವರ್ಷಕ್ಕೆ ಹಿಂದಿನ ಗೌರಿ ಹಬ್ಬದ ಆಸುಪಾಸಿನಲ್ಲಿ, "ನಿನ್ ಮಾತು ಬಲಗಿವಿಗೆ ಕೇಳಕ್ಕಿಲ್ಲ, ಈ ಕಡೆ ಬಾ" ಅಂತ ಚಿಕ್ಕಮಾದಮ್ಮನನ್ನು ಎಡಕ್ಕೆ ಕರೆದಿದ್ದ. ತಿಂಗಳು ಬಿಟ್ಟು, "ಮಕಕ್ಕೆ ಬಿಸ್ಲು ಬೀಳ್ತದ" ಅಂತ ಪುಟ್ಟಬಸಮ್ಮನನ್ನು. ಎಡಗಡೆ ಇದ್ದ ನನ್ನನ್ನು ಬಲಕ್ಕೆ ಕಳಿಸಿದ್ದ. ಒಬ್ಬೊಬ್ಬರನ್ನೇ, ಒಂದೊಂದು ತಮಾಷೆ ಹೇಳಿಕೊಂಡು. ಎರಡು ವರ್ಷದಿಂದ ನಾವು ಆ ಜಾಗಕ್ಕೆ ಎಷ್ಟು ಒಗ್ಗಿಹೋಗಿದ್ದೆವು ಅಂದರೆ, ಹೊಸ ತೆಪ್ಪ ನೋಡುವ ದಿನವೂ ಹಾಗೇ ಕೂತು, ತೆಪ್ಪವೇ ಸೊಟ್ಟ ಅಂದಿದ್ದೆವು.

ಇಷ್ಟು ತಿಳಿದ ಮೇಲೂ ನಾನೊಂದು ತಪ್ಪು ಮಾಡಿದೆ. ದಡಕ್ಕೆ ಬಂದು ಇಳಿದಾಗ, ಪರೀಕ್ಷೆ ಪೂರ್ತಿ ಆಗಲಿ ಅನ್ನುವ ಚಾಳಿಯಲ್ಲಿ ಎಲ್ಲರ ಎದುರಿಗೇ, "ಈಗ ಖಾಲಿ ತೆಪ್ಪ ಹಾಕಿ ತೋರ್ಸಪ್ಪ ಮಾದಣ್ಣ, ಒಬ್ಬನೇ" ಅಂದುಬಿಟ್ಟೆ.

ಅವನು ಕಲ್ಲಿನ ಗುಡ್ಡೆ ಕಡೆ ನಡೆದ.

"ಕಲ್ಲು ಬ್ಯಾಡ. ಖಾಲಿ."

ಅವನು ಬಗ್ಗಿದವನು ಬಗ್ಗಿದ ಹಾಗೇ ನಿಂತ. ನನ್ನ ಕಡೆ ನೋಡಿದ. ಐವತ್ತು ವರ್ಷ ನೋಡಿದ ಮುಖ, ಅಂಥದ್ದು ನಾನು ಕಂಡಿರಲಿಲ್ಲ. ಆವಾಗ ನನಗೆ ಕಲ್ಲಿನ ಲೆಕ್ಕವೂ ಹೊಳೆಯಿತು. ಅವನ್ನು ಗಾಳಿಗಾಗಿ ತುಂಬುತ್ತಿರಲಿಲ್ಲ. ನಾವಿಲ್ಲದಾಗ ಎಡಗಡೆಗೆ ನಮ್ಮ ಬದಲು ಕಲ್ಲು.

"ಬುಡು, ಬಿಸ್ಲು ನೆತ್ತಿಗೆ ಬಂತು. ಮೊದ್ಲು ಉಂಡ್ಕಳವ" ಅಂದೆ.

ಎಲ್ಲರೂ ಹೊಂಗೆ ಮರದ ಕೆಳಗೆ ಬುತ್ತಿ ಬಿಚ್ಚಿದರು. ನಾನು ಬುತ್ತಿ ತೆಗೆದುಕೊಂಡು ಮಾದಣ್ಣ ಕೂತಿದ್ದ ಬಂಡೆಗೆ ಹೋದೆ.

"ಎಡಗೈ ಯಾವಾಗಿಂದ?" ಅಂದೆ.

"ಯಾವ ಎಡಗೈ?"

"ನಿಂದೇ ಕಣಪ್ಪ. ನನ್ನದು ಚೆನ್ನಾಗದ."

ಬೀಡಿಯನ್ನು ಬಂಡೆಗೆ ಒತ್ತಿ ಆರಿಸಿದ. ಆಮೇಲೆ ಹೇಳಿದ. ಎರಡು ವರ್ಷದ ಹಿಂದೆ ತೆಪ್ಪ ಎತ್ತುವಾಗ ಜಾರಿ ಬಿದ್ದು ಭುಜ ತಪ್ಪಿತ್ತು. ಯಳಂದೂರಿನ ಕಡೆ ಪಟ್ಟು ಹಾಕುವವರ ಹತ್ತಿರ ಮೂರು ಸಲ ಹೋಗಿ ಬಂದ. ಕೂತಿತು, ಆದರೆ ಹೆಗಲಿಗಿಂತ ಮೇಲಕ್ಕೆ ಏಳುವುದಿಲ್ಲ, ಎಡಕ್ಕೆ ಹುಟ್ಟು ಎಳೆದರೆ ಕಣ್ಣು ಕತ್ತಲೆ ಬರುತ್ತದೆ. ಸಂಜೆ ಹೆಂಡತಿ ಕೆಂಪಾಜಮ್ಮ ಕಾಫಿ ತರುವ ನೆಪದಲ್ಲಿ ಬಂದು ತೆಪ್ಪ ಎತ್ತಿಸಿ ಹೋಗುತ್ತಿದ್ದಳು.

"ಬಾಯಿ ಬುಡಬ್ಯಾಡ ಅಕ್ಕ" ಅಂದ. "ಕೈ ಓಯ್ತು ಅಂದ್ರೆ ಇವ್ರು ಕೂರ್ತಾರಾ? ಫೈಬರಿಂದೇ ಇರ್ಲಿ ಅನ್ನು. ಎತ್ತೋ ಆಗಿಲ್ಲ. ಇನ್ನೊಂದು ನಾಕು ವರ್ಷ ನೂಕ್ತೀನಿ."

ಅವನ ಮೇಲೆ ನನಗೆ ಇರುವ ಅಕ್ಕರೆಗೆ ಹೂಂ ಅಂದುಬಿಡಬಹುದಿತ್ತು. ಆದರೆ ಹೊಳೆ ಏರಿದ ದಿನ ಒಂದು ಕೈಯಲ್ಲಿ ಏನು ಮಾಡುತ್ತಾನೆ? ಎಡಕ್ಕೇ ಹುಟ್ಟು ಹಾಕಬೇಕಾಗಿ ಬಂದರೆ? ನನ್ನನ್ನು ನಂಬಿ ಆರಿಸು ಅಂದವರು ಏಳು ಜನ. "ನಾನು ಯೋಳಕ್ಕಿಲ್ಲ ಮಾದಣ್ಣ" ಅಂದೆ. "ನೀನೇ ಯೋಳು. ಯೋಳದೆ ಇದ್ರೆ ನಾನು ಎರಡೂ ತೆಪ್ಪ ಬ್ಯಾಡ ಅಂತೀನಿ."

ಅವನು ನನ್ನ ಮೇಲೆ ಸಿಟ್ಟು ಮಾಡಿಕೊಂಡು ಎದ್ದು ಹೋದ. ಸಿಟ್ಟಿನಲ್ಲೇ ನೇರ ಹೊಂಗೆ ಮರದ ಕೆಳಗೆ ಹೋಗಿ ನಿಂತು, ಎಡಗೈ ಎತ್ತಿ ತೋರಿಸಿದ. ಹೆಗಲಿನ ತನಕ ಬಂದು ನಿಂತಿತು. "ಇದು ಇಷ್ಟೇ ಕಣ್ರವ್ವ. ಎರಡು ವರ್ಷದಿಂದ ಇಷ್ಟೇ. ನಿಮ್ಮನ್ನ ಎಡಕ್ಕೆ ಕೂರ್ಸಿ ಸರಿದೂಗಿಸ್ಕಂಡು ಬಂದಿವ್ನಿ" ಅಂದ.

ಯಾರೂ ನಗಲಿಲ್ಲ. ಮೊದಲು ಮಾತಾಡಿದವಳು ಪುಟ್ಟಬಸಮ್ಮ. "ಹೋದ ಸಲ ಹೊಳೆ ತುಂಬಿದ್ದಾಗ ನನ್ ಮೊಮ್ಮಗೂನ ಮಡ್ಲಲ್ಲಿ ಇಟ್ಕಂಡು ದಾಟಿದ್ನಲ್ಲ ಮಾದಣ್ಣ, ಮೂರು ತಿಂಗಳ ಕೂಸು. ಆಗ್ಲೂ ಯೋಳ್ನಿಲ್ವಲ್ಲ?"

ಮಾದಣ್ಣ ತಲೆ ಬಗ್ಗಿಸಿದ.

ಉದಯಕುಮಾರ ಮೆಲ್ಲಗೆ ಮುಂದೆ ಬಂದ. ಬೇಕಾದರೆ ತೆಪ್ಪದ ಜೊತೆಗೆ ತನ್ನ ಆಳನ್ನೂ ಕಳಿಸುತ್ತೇನೆ, ಎರಡು ಕೈಯೂ ಗಟ್ಟಿಯಾಗಿರುವವನು, ಎಂಟು ಜನಕ್ಕೂ ಲೈಫ್ ಜಾಕೆಟ್ ಕೊಡುತ್ತೇನೆ ಅಂದ. ತಪ್ಪು ಮಾತಲ್ಲ. ಮೂರು ನಾಲ್ಕು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪುಟ್ಟಬಸಮ್ಮ, "ಅದೇ ವಾಸಿಯೇನೋ" ಅಂದಳು. ಮಾದಣ್ಣ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡ. ಗೂಡಿಗೆ ಹೋಗುವವನ ಹಾಗೇ ಕಂಡ ನನಗೆ.

ಅಷ್ಟರಲ್ಲಿ ಕೆಂಪಾಜಮ್ಮ ಅವನಿಗೆ ಊಟ ತೆಗೆದುಕೊಂಡು ದಿಬ್ಬ ಇಳಿದು ಬಂದಳು. ಅವಳದ್ದು ತವರು ಹನೂರು ತಾಲೂಕಿನ ಕೊನೆ, ಕಾಡಿನ ಅಂಚು, ಅರ್ಧ ಊರು ತಮಿಳು ಆಡುತ್ತದೆ. ಅವಳಪ್ಪನೂ ತೆಪ್ಪದವನೇ. ಅವಳು ಈಗಲೂ ತೆಪ್ಪಕ್ಕೆ ಪರಿಸಲು ಅಂತಲೇ ಅನ್ನುವುದು. ಎಲ್ಲರ ಮುಖ ನೋಡಿದಳು, ಗಂಡನ ಮುಖ ನೋಡಿದಳು.

"ಯೋಳ್ಬುಟ್ಟಾ?" ಅಂದಳು.

"ಯೋಳ್ಬುಟ್ಟೆ."

"ಅಂತೂ ಯೋಳ್ದಲ್ಲ. ನಾನು ಎಣ್ಣೆ ತಿಕ್ಕಿ ತಿಕ್ಕಿ ನನ್ ಅಂಗೈ ಸವ್ದೋಯ್ತು." ಬುತ್ತಿ ಕೆಳಗಿಟ್ಟಳು. ಉದಯಕುಮಾರನ ಮಾತು ಏನು ಅಂತ ಕೇಳಿ ತಿಳಿದುಕೊಂಡಳು. "ಎಡಗಡೆ ಹಾಕಕ್ಕೆ ಒಂದು ಕೈ ಬೇಕು, ಅಷ್ಟೇ ತಾನೇ? ನಂಗೆ ಎರಡು ಅವೆ."

"ನೀನಾ?" ಅಂದ ಮಾದಣ್ಣ. "ನೀನು ಹುಟ್ಟು ಹಿಡ್ದು ಮೂವತ್ತೆಂಟು ವರ್ಷ ಆಯ್ತು."

"ನಿನ್ ಕಟ್ಕಂಡೂ ಮೂವತ್ತೆಂಟು ವರ್ಷ ಆಯ್ತು. ಅದ್ ಮರ್ತಿದ್ದೀನಾ?"

ಚಿಕ್ಕಮಾದಮ್ಮನಿಗೆ ಮೊದಲು ನಗು ಬಂತು. ಆಮೇಲೆ ಒಬ್ಬೊಬ್ಬರಿಗೇ ಬಂತು. ಪುಟ್ಟಬಸಮ್ಮ ನಗಲಿಲ್ಲ. "ಹಾಕಿ ತೋರ್ಸು" ಅಂದಳು.

ಈಗ ನೋಡಬೇಕಾದ್ದೇ ಬೇರೆ ಆಯಿತು. ಇಷ್ಟು ಹೊತ್ತು ಒಬ್ಬನಿಗೆ ಯಾವ ತೆಪ್ಪ ಅಂತ ನೋಡುತ್ತಿದ್ದೆವು, ಈಗ ಮುಂದೆ ಇಬ್ಬರು ಮೊಣಕಾಲೂರಬೇಕು. ಮೊದಲು ಫೈಬರಿನದನ್ನು ಕೊಟ್ಟೆ. ಕಲ್ಲಿಲ್ಲ, ಜನ ಇಲ್ಲ, ಬರೀ ಅವರಿಬ್ಬರು. ಒಳಗೆ ನೆಲ ನುಣ್ಣಗೆ. ನಾಲ್ಕು ಸಲ ಹುಟ್ಟು ಎಳೆಯುವುದರಲ್ಲಿ ಇಬ್ಬರ ಮೊಣಕಾಲೂ ಜಾರಿ ನಡುವಿಗೆ ಬಂದು ತಲೆಗೆ ತಲೆ ಡಿಕ್ಕಿ ಹೊಡೆಯಿತು. ಬಾಯಿಯೂ ನಾಲ್ಕು ಬೆರಳು ಕಿರಿದು, ಹುಟ್ಟಿಗೆ ಹುಟ್ಟು ತಾಗುತ್ತಿತ್ತು. "ಗೋಣಿ ಹಾಸ್ಕೋಬಹುದು" ಅಂದ ಉದಯಕುಮಾರ. ಹಾಸಿದೆವು. ಗೋಣಿಯೂ ಜಾರಿತು.

ಬಿದಿರಿನದರಲ್ಲಿ ದಬ್ಬೆಗಳ ನಡುವೆ ಮೊಣಕಾಲಿಗೆ ಹಿಡಿತ ಸಿಕ್ಕಿತು. ಮೊದಲು ಸುತ್ತಿತು, ಒಂದೂವರೆ ಸುತ್ತು. ಅವಳು ಅವನಿಗಿಂತ ಜೋರಾಗಿ ಎಳೆಯುತ್ತಿದ್ದಳು.

"ಮೆಲ್ಲಗೆ ಕಣಮ್ಮಿ, ಬಾವಿ ಸೇದ್ತಿದ್ದೀಯಾ?"

"ನೀನ್ ಜೋರಾಗಿ ಎಳಿ, ಸೋಮಾರಿ ಮುದ್ಕ!"

"ನಾನ್ ಎಳ್ದಾಗ ಎಳಿ."

"ನೀನ್ಯಾಕೆ ನಾನ್ ಎಳ್ದಾಗ ಎಳೀಬಾರ್ದು?"

ನೀರಿನ ಮೇಲೆ ಮಾತು ಚೆನ್ನಾಗಿ ಕೇಳಿಸುತ್ತದೆ. ದಡದಲ್ಲಿ ನಾವೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದೆವು. ದೊಡ್ಡ ಬಂಡೆ ಹತ್ತಿರ ಬಂದಾಗ ಇಬ್ಬರ ಮಾತೂ ನಿಂತಿತು. ತೆಪ್ಪದ ಅಂಚು ಬಂಡೆಗೆ ತಗುಲಿತು, ಬಗ್ಗಿತು, ಬಿಟ್ಟುಕೊಂಡಿತು. ಅಲ್ಲಿ ಎಡಕ್ಕೆ ಗಟ್ಟಿಯಾಗಿ ಹುಟ್ಟು ಹಾಕಬೇಕು, ಇಲ್ಲದಿದ್ದರೆ ಸೆಳೆತಕ್ಕೆ ಸಿಗುತ್ತದೆ. ಕೆಂಪಾಜಮ್ಮ ಮೂರು ಸಲ ಹಾಕಿದಳು, ಇಡೀ ಮೈ ಬಗ್ಗಿಸಿ. ಅವಳು ಹಾಕುವಾಗ ಮಾದಣ್ಣ ಹುಟ್ಟು ಮೇಲೆತ್ತಿ ಸುಮ್ಮನೆ ಇದ್ದ. ಅಷ್ಟು ತಿಳಿವಳಿಕೆ ಹೊಳೆಯವರಿಗೆ ಮಾತ್ರ ಬರುತ್ತದೆ. ಅಲ್ಲಿಂದ ತೆಪ್ಪ ನೆಟ್ಟಗೆ ತಿಟ್ಟು ಮುಟ್ಟಿತು. ಬರುವಾಗ ಒಂದು ಕಡೆಯೂ ಸುತ್ತಲಿಲ್ಲ.

ಪುಟ್ಟಬಸಮ್ಮ ನೀರಿಗೆ ಇಳಿದು ಅಂಚು ಹಿಡಿದು ನಿಲ್ಲಿಸಿದಳು. ಅವಳು ಏನು ಹೇಳುತ್ತಾಳೋ ಅಂತ ನಾವೆಲ್ಲ ಕಾದೆವು. ಅವಳು ಕೆಂಪಾಜಮ್ಮನಿಗೆ, "ನೀನು ದಿನಾ ಬರ್ತೀಯಾ?" ಅಂತ ಕೇಳಿದಳು.

"ಬತ್ತೀನಿ. ಬರದ ದಿನ ಇವ್ನೂ ಹಾಕಕ್ಕಿಲ್ಲ, ನೀವೂ ಹತ್ತಬ್ಯಾಡಿ" ಅಂದಳು ಕೆಂಪಾಜಮ್ಮ.

"ಹೊಳೆ ತುಂಬಿದಾಗ?"

"ತುಂಬಿದಾಗ ಮನೇಲಿರಿ" ಅಂದ ಮಾದಣ್ಣ. "ಇನ್ನ್ ಮ್ಯಾಕೆ ನಂಗೆ ಆಗಕ್ಕಿಲ್ಲ ಅಂದ್ರೆ ಆಗಕ್ಕಿಲ್ಲ ಅಂತ ಯೋಳ್ತೀನಿ. ನಿನ್ ಮೊಮ್ಮಗೂನ ಆಣೆ."

"ನನ್ ಮೊಮ್ಮಗೂನ ಮ್ಯಾಲೆ ಆಣೆ ಇಡಬ್ಯಾಡ. ನಿನ್ ಬೀಡಿ ಮ್ಯಾಲೆ ಇಡು" ಅಂದಳು ಪುಟ್ಟಬಸಮ್ಮ. ಅವಳ ಮುಖ ಆಗ ಸಡಿಲ ಆಯಿತು.

ನಾನು ನನ್ನ ಮಾತು ಹೇಳಿದೆ. ಫೈಬರಿನದು ಒಳ್ಳೇ ತೆಪ್ಪ, ನಿಂತ ನೀರಿಗೆ, ಗಟ್ಟಿ ಆ‌ಳು ಒಬ್ಬನಿಗೆ ಅದೇ ಸರಿ. ನಮ್ಮ ಬಂಡೆ ಹೊಳೆಗೆ, ಇಬ್ಬರ ಮೊಣಕಾಲಿಗೆ ಬಿದಿರಿನದು. ಬೆವರಿದ ಎರಡು ಜಾಗಕ್ಕೆ ಮಾದು ಇನ್ನೊಂದು ಸಲ ಡಾಂಬರು ಹಾಕಿ ಕೊಡಬೇಕು. ಉದಯಕುಮಾರ ಬೇಜಾರು ಮಾಡಿಕೊಳ್ಳಲಿಲ್ಲ. ಚಿಕ್ಕಮಾದಮ್ಮ ಕೊಟ್ಟ ಅವರೆಕಾಳು ಉಸಲಿ ತಿಂದು, ತನ್ನ ತೆಪ್ಪ ಹೇರಿಕೊಂಡು ಹೋದ. ಸೋಮವಾರ ಗೂಡಿನವರಿಗೆ ಬರುವುದಿಲ್ಲ ಅಂತ ಹೇಳಿ ಕಳಿಸಿದ್ದಾಯಿತು.

ಆವತ್ತು ಸಂಜೆ ತೆಪ್ಪ ಎತ್ತುವಾಗ ಮಾದಣ್ಣ ಎಡಗೈಯನ್ನು ಮರೆ ಮಾಡಲಿಲ್ಲ. ಇಳಿಬಿಟ್ಟುಕೊಂಡೇ ನಿಂತು, "ಚಿಕ್ಕಮಾದಮ್ಮ, ಆ ಕಡೆ ಒಸಿ ಹಿಡಿ" ಅಂದ. ಅವಳೂ ಕೆಂಪಾಜಮ್ಮನೂ ಸೇರಿ ಬೋರಲು ಹಾಕಿದರು.

ಇದೆಲ್ಲ ಆಗಿ ಒಂದು ವರ್ಷದ ಮೇಲೆ ಮೂರು ತಿಂಗಳಾಯಿತು. ಮಳೆಗಾಲದಲ್ಲಿ ಇಪ್ಪತ್ತೆರಡು ದಿನ ಮಾದಣ್ಣ ಆಗುವುದಿಲ್ಲ ಅಂದ, ನಾವು ಮನೆಯಲ್ಲಿದ್ದೆವು. ಕೆಂಪಾಜಮ್ಮ ಎಡಕ್ಕೆ, ಅವನು ಬಲಕ್ಕೆ. ದಾಟುವ ಹೊತ್ತಿನಲ್ಲಿ ಅವರ ಮನೆಯ ಸಾರು, ಸಾಲ, ಕೋಳಿ, ಅಳಿಯನ ಸಂಗತಿ ಎಲ್ಲಾ ನಮಗೆ ಗೊತ್ತಾಗುತ್ತದೆ. ಮೊದಲು ಮುನ್ನೂರು ಎಣಿಸುವುದರೊಳಗೆ ತಿಟ್ಟು ಸೇರುತ್ತಿದ್ದೆವು, ಈಗ ಮುನ್ನೂರ ಅರವತ್ತು ಆಗುತ್ತದೆ. ಯಾರೂ ಅವಸರ ಮಾಡುವುದಿಲ್ಲ.